ಬೀಗರ ಬಂದೂಕು

ಬಂದೂಕಿನ ಅಂಗಡಿಯಲ್ಲಿ ಕೆಲಸಕ್ಕೆ ಸೇರುವ ಹುಡುಗರು ಈಗಲೂ ನನ್ನನ್ನು ಹುಡುಕಿಕೊಂಡು ಬರುತ್ತಾರೆ. ಬರಲೇಬೇಕು. ದೊಡ್ಡಬಳ್ಳಾಪುರದಿಂದ ಹೊಸಕೋಟೆಯವರೆಗೆ ಈ ಮುನಿರಾಜು ಮಿಸ್ತ್ರಿ ಕೈ ಹಾಕದ ಬಂದೂಕು ಇದ್ದರೆ ಅದು ಮಕ್ಕಳ ಆಟಿಕೆಯೇ ಇರಬೇಕು. ಬಂದವರು ಕೇಳುವುದೆಲ್ಲ ಸ್ಪ್ರಿಂಗ್ ಹೇಗೆ ಕೂರಿಸುವುದು, ತುಕ್ಕು ಹೇಗೆ ಬಿಡಿಸುವುದು ಎಂದೇ. ಅದನ್ನು ಕಲಿಯಲು ಒಂದು ವರ್ಷ ಸಾಕು, ಪೆದ್ದನಾದರೆ ಎರಡು. ನಿಜವಾಗಿ ಕಲಿಯಬೇಕಾದದ್ದು ಬೇರೆ. ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬರುವವನಿಗೆ ಬಂದೂಕು ಬೇಕಾಗಿದೆಯೋ, ಇಲ್ಲಾ ಬಂದೂಕು ಹಿಡಿದ ತನ್ನ ಚಿತ್ರ ಬೇಕಾಗಿದೆಯೋ ಎನ್ನುವುದನ್ನು ಅವನು ಕುರ್ಚಿಯಲ್ಲಿ ಕೂರುವಷ್ಟರಲ್ಲಿ ಕಂಡುಹಿಡಿಯಬೇಕು.

ನನಗೆ ಇದನ್ನು ಹೇಳಿಕೊಟ್ಟವರು ನಾನು ಕೆಲಸಕ್ಕೆ ಸೇರಿದ ಅಂಗಡಿಯ ಹಿರಿಯ ಮಿಸ್ತ್ರಿ ಖಾದರ್ ಸಾಬರು. ಅಂಗಡಿಯಲ್ಲಿ ಆಳೆತ್ತರದ ಕನ್ನಡಿ ಒಂದಿತ್ತು. ಅದು ಸಿಂಗಾರಕ್ಕಲ್ಲ, ಕೆಲಸಕ್ಕೆ. ಬಂದೂಕಿನ ಹಿಂಬದಿಯ ಮರವನ್ನು ನಾವು ಕುಂದ ಎನ್ನುತ್ತೇವೆ. ಅದು ಹೆಗಲಿಗೆ ಸರಿಯಾಗಿ ಒರಗಬೇಕಾದರೆ ಹಿಡಿಯುವವನ ತೋಳಿನ ಉದ್ದಕ್ಕೆ ತಕ್ಕಂತೆ ಕೆತ್ತಬೇಕು. ಗಿರಾಕಿ ಖಾಲಿ ಬಂದೂಕು ಹಿಡಿದು, ಕಣ್ಣು ಮುಚ್ಚಿ, ಹೆಗಲಿಗೆ ಏರಿಸಿ, ಆಮೇಲೆ ಕಣ್ಣು ಬಿಟ್ಟು ಕನ್ನಡಿ ನೋಡಬೇಕು. ಅವನ ಕಣ್ಣು ನಳಿಗೆಯ ನೇರಕ್ಕೆ ಬಂದಿದ್ದರೆ ಕುಂದ ಸರಿ ಇದೆ ಎಂದು ಅರ್ಥ. ಆದರೆ ಕನ್ನಡಿಯ ಮುಂದೆ ಹತ್ತರಲ್ಲಿ ಎಂಟು ಜನ ಕಣ್ಣು ಬಿಟ್ಟೊಡನೆ ನೋಡುತ್ತಿದ್ದದ್ದು ತಮ್ಮ ಮೀಸೆಯನ್ನು.

ಖಾದರ್ ಸಾಬರು ಹಲ್ಲಿನ ಸಂದಿಯಲ್ಲಿ ಅಡಿಕೆ ಒತ್ತಿಕೊಂಡು ಹೇಳುತ್ತಿದ್ದರು: "ದೇಖ್ ಬೇಟಾ, ಕಣ್ಣು ನೋಡೋನಿಗೆ ಕುಂದ ಕೆತ್ತು. ಮೀಸೆ ನೋಡೋನಿಗೆ ಚಾ ಕುಡಿಸಿ ಕಳ್ಸು."

ಅವರು ಚಹಾ ಕುಡಿಸಿ ಕಳಿಸುತ್ತಿದ್ದರು. ನಾನು ಅಷ್ಟಕ್ಕೇ ಬಿಡುವ ಆಸಾಮಿಯಲ್ಲ.

ಬಾಶೆಟ್ಟಿಹಳ್ಳಿ ಕಡೆಯ ಶಿವರಾಜ ಎನ್ನುವ ಕಾರ್ಖಾನೆ ಕಂಟ್ರಾಕ್ಟರ್ ಒಬ್ಬ ಲೈಸೆನ್ಸಿಗೆ ಅರ್ಜಿ ಹಾಕಿ, ಅದು ಬರುವ ಮೊದಲೇ ವಾರವಾರ ಅಂಗಡಿಗೆ ಬಂದು ಕನ್ನಡಿಯ ಮುಂದೆ ನಿಲ್ಲುತ್ತಿದ್ದ. ಒಂದು ದಿನ ಗೋಗರೆದ. "ಅಣ್ಣಾ, ಲೈಸೆನ್ಸ್ ಬರೋಗಂಟ ಕೈಯಾಗೆ ಏನಾದ್ರೂ ಇರ್ಬೇಕಲ್ಲಣ್ಣ, ಜನ ಕೇಳ್ತಾರೆ."

ನಾನು ನಳಿಗೆ ಉಜ್ಜುವ ಉದ್ದನೆಯ ಕೋಲನ್ನು, ತುದಿಯ ಬ್ರಷ್ಷು ಚೆನ್ನಾಗಿ ಕಾಣುವ ಹಾಗೆ, ಅವನ ಕೈಗೆ ಕೊಟ್ಟೆ. "ನೋಡು ಗುರು, ದೊಡ್ಡ ದೊಡ್ಡ ಶಿಕಾರಿಯವ್ರೆಲ್ಲ ಮೊದ್ಲು ಇದನ್ನೇ ಹಿಡ್ಕೊಂಡು ಓಡಾಡೋದು. ಇದು ಕೈಯಲ್ಲಿದ್ರೆ ಗನ್ ಮನೇಲದೆ ಅಂತ ಅರ್ಥ. ತಿಳ್ದೋರಿಗೆ ತಿಳೀತದೆ."

ಪುಣ್ಯಾತ್ಮ ಶಿಫ್ಟ್ ಬಿಡುವ ಹೊತ್ತಿಗೆ ಸರಿಯಾಗಿ ಅದನ್ನು ಹೆಗಲ ಮೇಲಿಟ್ಟುಕೊಂಡು ಕಾರ್ಖಾನೆ ಗೇಟಿನ ಮುಂದೆ ನಡೆದ. ಬಸ್ಸಿಗೆ ಕಾಯುತ್ತಿದ್ದ ಹೆಂಗಸೊಬ್ಬಳು ಕೂಗಿದಳಂತೆ: "ಅಣ್ಣೋ, ನಮ್ ಬೀದಿ ಮೋರೀನೂ ಕಟ್ಕೊಂಡದೆ. ಒಸಿ ಬಂದೋಗ್ತೀರಾ?"

ಮಾರನೆಯ ದಿನ ಕೋಲನ್ನು ನನ್ನ ಮುಂದೆ ಬಿಸಾಕಿ ಹೋದವನು ಅರ್ಜಿಯನ್ನೇ ವಾಪಸ್ ತೆಗೆದುಕೊಂಡ. ಆಮೇಲೆ ಹೊಗೆಕೊಳವೆ ಬದಲಾಯಿಸಿದ ದೊಡ್ಡ ಬೈಕು ಕೊಂಡ. ಅವನಿಗೆ ಬೇಕಿದ್ದ ಸದ್ದು ಅದರಲ್ಲಿ ಸಿಕ್ಕಿತು. ಖಾದರ್ ಸಾಬರು ನನ್ನ ಬೆನ್ನಿಗೆ ಒಂದು ಗುದ್ದು ಕೊಟ್ಟು, ಗಿರಾಕಿ ಕಳೆದೆ ಎಂದು ಬೈದು, ಆಮೇಲೆ ಒಳಗೆ ಹೋಗಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಗೋಡೆಯ ಆಚೆಯಿಂದ ನನಗೆ ಕೇಳಿಸುತ್ತಿತ್ತು.

ಸದ್ದು ಎಂದೆನಲ್ಲ, ಅದೂ ಒಂದು ಒರೆಗಲ್ಲು. ಶೋಕಿಯವನು ಕೇಳುವ ಮೊದಲ ಪ್ರಶ್ನೆ, "ಸೌಂಡ್ ಜೋರಾಗಿ ಬರ್ತದಾ?" ದೇವನಹಳ್ಳಿ ಹತ್ತಿರದ ವಿಜಯಪುರದಿಂದ ಲೀಲಾವತಿ ಎನ್ನುವ ಹೆಣ್ಣುಮಗಳು ಬಂದಿದ್ದಳು. ಮನೆಯಲ್ಲಿ ರೇಷ್ಮೆ ಹುರಿ ಮಾಡುವ ಯಂತ್ರಗಳು, ದಿನವಿಡೀ ಗಡಗಡ. ಗುರಿ ಸ್ಪರ್ಧೆಗೆ ಏರ್ ರೈಫಲ್ ಬೇಕೆಂದಳು. ಅವಳು ಕೇಳಿದ್ದು, "ಸದ್ದು ಕಮ್ಮಿ ಇರೋದು ಯಾವ್ದು ಸಾರ್? ಮನೇಲಿ ಸದ್ದು ಕೇಳಿ ಕೇಳಿ ಸಾಕಾಗದೆ. ಇದ್ರಲ್ಲಾದ್ರೂ ಒಸಿ ನಿಶ್ಶಬ್ದ ಬೇಕು."

ನಾನು ಕನ್ನಡಿ ತೋರಿಸಿದೆ. ಅವಳು ಕಣ್ಣು ಬಿಟ್ಟು, ಕನ್ನಡಿಯಲ್ಲಿ ತನ್ನ ಬಲಗಣ್ಣನ್ನೊಂದೇ ನೋಡಿಕೊಂಡು, "ಒಂದ್ ನೂಲೆಳೆ ಎತ್ರ ಆಯ್ತು" ಎಂದಳು. ನೂಲೆಳೆಯನ್ನೇ ಅಳತೆಗೋಲಾಗಿ ಹಿಡಿದ ಗಿರಾಕಿ ನನಗೆ ಸಿಕ್ಕಿದ್ದು ಅವಳೊಬ್ಬಳೇ. ಅವಳ ಕುಂದವನ್ನು ನಾನು ಊಟ ಬಿಟ್ಟು ಕೆತ್ತಿದೆ. ಅವಳು ಪದಕ ಗೆದ್ದು ಪೇಪರಿನಲ್ಲಿ ಬಂದಳು ಎಂದು ಹೇಳಿದರೆ ನಿಮಗೆ ಖುಷಿಯಾಗುತ್ತಿತ್ತು. ಇಲ್ಲ, ಬರಲಿಲ್ಲ. ಈಗಲೂ ಭಾನುವಾರ ಬಿಡದೆ ಅಭ್ಯಾಸಕ್ಕೆ ಹೋಗುತ್ತಾಳೆ, ಅಷ್ಟೆ. ಆಸಕ್ತಿ ಎಂದರೆ ಅದೇ ಇರಬೇಕು. ಯಾರೂ ನೋಡದಿದ್ದರೂ ಹೋಗುವುದು.

ನಾನು ಸೇರಿದಾಗ ಬರುತ್ತಿದ್ದ ಬಂದೂಕುಗಳೆಲ್ಲ ಅಪ್ಪನ ಕಾಲದವು, ತೋಟ ಕಾಯಲು ಲೈಸೆನ್ಸ್ ಪಡೆದವು. ಹಂದಿ ಓಡಿಸಲು ಆಕಾಶಕ್ಕೆ ಒಂದು ಈಡು, ಮುಗಿಯಿತು. ಆ ಮುದುಕರಿಗೆ ಬಂದೂಕೂ ಗುದ್ದಲಿಯೂ ಒಂದೇ. ಯಾರೂ ಗುದ್ದಲಿ ಹಿಡಿದು ಕನ್ನಡಿ ನೋಡುವುದಿಲ್ಲವಲ್ಲ. ವಿಮಾನ ನಿಲ್ದಾಣ ಬಂದು ಭೂಮಿಗೆ ಬೆಲೆ ಬಂದ ಮೇಲೆ ಗಿರಾಕಿಯ ಬಣ್ಣ ಬದಲಾಯಿತು. ಕಾರು ಬಂತು, ಕಾರಿನ ಹಿಂದೆಯೇ ದೊಡ್ಡ ಮನೆ ಬಂತು, ಮನೆಯ ಹಜಾರದ ಗೋಡೆ ಖಾಲಿ ಕಾಣತೊಡಗಿತು. ಈಗ ಲೈಸೆನ್ಸಿಗೆ ತರಬೇತಿ ಪ್ರಮಾಣಪತ್ರ ಬೇಕು, ಕಂಪ್ಯೂಟರಿನಲ್ಲಿ ನಂಬರು ಬೇಕು. ಒಳ್ಳೆಯದೇ. ಆದರೆ ತರಬೇತಿಯಲ್ಲಿ ಕಲಿತದ್ದು ಗೋಡೆಗೆ ಮೊಳೆ ಹೊಡೆಯುವಷ್ಟರಲ್ಲಿ ಮರೆತುಹೋಗುತ್ತದೆ. ಹೇಗೆ ಎನ್ನುತ್ತೀರಾ? ಚಂದ್ರಪ್ಪನ ಕಥೆ ಕೇಳಿ. ನನ್ನ ಇಡೀ ಸರ್ವೀಸಿನಲ್ಲಿ ನಾನು ಹೆದರಿದ್ದು ಅದೊಂದೇ ದಿನ.

ಚಂದ್ರಪ್ಪ ದೇವನಹಳ್ಳಿಯ ಆಚೆಯ ಹಳ್ಳಿಯವನು. ನೊಣ ಹೊಡೆಯಲೂ ಪಾಪ ಎನ್ನುವ ಜಾತಿಯ ಸಾಧು. ಅಂಥವನು ಅಂಗಡಿಗೆ ಬಂದು, "ಜೋಡಿ ನಳಿಗೇದು ಬೇಕು" ಎಂದಾಗ ನಾನು ಕನ್ನಡಿಯ ಮುಂದೆ ನಿಲ್ಲಿಸಿದೆ. ಅವನು ಮೀಸೆಯನ್ನೂ ನೋಡಲಿಲ್ಲ, ಕಣ್ಣನ್ನೂ ನೋಡಲಿಲ್ಲ. ಬಂದೂಕನ್ನು ಅಡ್ಡ ಹಿಡಿದು ಅದರ ಉದ್ದ ನೋಡಿದ.

"ಏನ್ ಚಂದ್ರಪ್ಪ, ಪರದೆ ಕಂಬಿ ತಗೊಳ್ಳೋಕೆ ಬಂದಿದ್ಯಾ?" ಎಂದೆ.

"ನಗ್ಬೇಡಿ ಮುನಿಯಣ್ಣ. ನಮ್ ಬೀಗರ ಮನೇಲಿರೋದು ಇದಕ್ಕಿಂತ ಗಿಡ್ಡ ಅಲ್ವಾ ಅಂತ ನೋಡ್ತಿದ್ದೆ."

ವಿಷಯ ಇಷ್ಟೇ. ಅವನ ಮಗಳು ಸೌಮ್ಯಳಿಗೆ ಅನುಗೊಂಡನಹಳ್ಳಿಯ ಬೀರೇಗೌಡರ ಮಗ ಹರೀಶನ ಜೊತೆ ಮದುವೆ ಗೊತ್ತಾಗಿತ್ತು. ಮಾತುಕತೆಗೆ ಹೋದಾಗ ಬೀರೇಗೌಡರು ಇವರನ್ನು ಹಜಾರದಲ್ಲಿ, ಗೋಡೆಗೆ ನೇತುಹಾಕಿದ್ದ ಬಂದೂಕಿನ ಕೆಳಗೇ ಕೂರಿಸಿದ್ದರು. ಚಂದ್ರಪ್ಪ ಇಡೀ ಮಾತುಕತೆಯನ್ನು ತಲೆ ಬಗ್ಗಿಸಿಕೊಂಡೇ ಮುಗಿಸಿದನಂತೆ. "ಏನ್ ಕೇಳಿದ್ರೂ ಹೂಂ ಅಂದ್ಬಿಟ್ಟೆ ಅಣ್ಣಾ. ಅವ್ರು ನಮ್ಮನೆಗೆ ಬಂದಾಗ ಅವ್ರ ತಲೆ ಮೇಲೂ ಒಂದ್ ಇರ್ಲಿ."

ಲೈಸೆನ್ಸ್ ಸರಿಯಾಗಿತ್ತು, ಅಂಗಡಿಯ ಮಾಲೀಕರು ತೋಟಾ ಸಮೇತ ಮಾರಿದರು. ಬಂದೂಕು ಗೋಡೆ ಸೇರಿತು. ಒಂದು ಈಡೂ ಹಾರಲಿಲ್ಲ. ನಾನೂ ಮರೆತೆ.

ಅದು ನಾನು ನಿವೃತ್ತನಾಗುವ ವರ್ಷ. ಮದುವೆ ಇನ್ನೂ ಆಗಿರಲಿಲ್ಲ, ವಿಜಯದಶಮಿಯ ಬೆಳಿಗ್ಗೆ ಚಂದ್ರಪ್ಪನ ಫೋನು ಬಂತು. ದನಿ ಪಿಸುಗುಟ್ಟುತ್ತಿತ್ತು. "ಮುನಿಯಣ್ಣ, ಈಗ್ಲೇ ಬರ್ಬೇಕು. ಹಬ್ಬಕ್ಕೆ ಬೀಗ್ರು ಬಂದವ್ರೆ. ರಾತ್ರಿ ಊಟಕ್ಕೆ ಕೂತಾಗ, ನಿಮ್ ಗನ್ನು ಪೂಜೆಗಷ್ಟೇನಾ ಬೀಗ್ರೇ ಅಂದ್ಬಿಟ್ರು. ನಾನು ಕೋಪಕ್ಕೆ, ನಾಳೆ ನಮ್ ಅಳಿಯಂದಿರ ಕೈಲೇ ಮೊದಲ್ನೇ ಈಡು ಹೊಡಿಸ್ತೀನಿ ಅಂದೆ. ಅದನ್ನ ಲೋಡ್ ಮಾಡೋದು ಹೆಂಗೆ ಅಂತ್ಲೇ ಮರ್ತೋಗದೆ ಅಣ್ಣಾ."

"ಲೇ, ಸಂಭ್ರಮಕ್ಕೆ ಗುಂಡು ಹಾರ್ಸೋದು ಅಪರಾಧ ಕಣೋ. ಅದೂ ಲೈಸೆನ್ಸ್ ಇಲ್ದಿರೋ ಅಳಿಯನ ಕೈಲಿ. ನೀನೂ ಒಳಗೆ, ಅಳಿಯನೂ ಒಳಗೆ. ಮದುವೆ ಜೈಲಲ್ಲೇ ಇಟ್ಕೋ."

"ಈಗ ಇಲ್ಲ ಅಂದ್ರೆ ನನ್ ಮುಖ ಎಲ್ಲಿಡ್ಲಿ? ನೀವೇ ಏನಾದ್ರೂ ಮಾಡ್ರಣ್ಣ."

ಏನಾದರೂ ಮಾಡುವುದರಲ್ಲಿ ನನ್ನನ್ನು ಮೀರಿಸಿದವರಿಲ್ಲ. ಬಂದೂಕಿನ ಕುದುರೆ, ಅಂದರೆ ಟ್ರಿಗರ್, ಪರೀಕ್ಷಿಸಲು ನಾವು ಬಳಸುವ ಹುಸಿ ತೋಟಾ ಎರಡನ್ನು ಜೇಬಿಗೆ ಹಾಕಿಕೊಂಡೆ. ಅದರಲ್ಲಿ ಮದ್ದಿಲ್ಲ, ಗುಂಡಿಲ್ಲ, ಟಿಕ್ ಎನ್ನುತ್ತದೆ ಅಷ್ಟೆ. ಎಲ್ಲರ ಮುಂದೆ ಟಿಕ್ ಎನ್ನಿಸಿ, ಮುಹೂರ್ತ ಸರಿಯಿಲ್ಲ ಎಂದು ಹೇಳಿ, ಹೋಳಿಗೆ ತಿಂದು ಬರುವುದು ನನ್ನ ಲೆಕ್ಕ. ನಾನು ಬರುವವರೆಗೆ ಬಂದೂಕು ಮುಟ್ಟಬೇಡ ಎಂದು ಹೇಳಿಯೇ ಬಸ್ಸು ಹತ್ತಿದೆ.

ಹಬ್ಬದ ದಿನದ ಬಸ್ಸು. ಹಳ್ಳಿಹಳ್ಳಿಯಲ್ಲೂ ನಿಂತು ಬಾಳೆಕಂದು ಕಟ್ಟಿಸಿಕೊಂಡು ಬಂತು. ನಾನು ಇಳಿದು ಚಂದ್ರಪ್ಪನ ಮನೆಗೆ ಹೋದರೆ ಮನೆ ಖಾಲಿ. ಹಿತ್ತಲಿನ ಆಚೆ ರಾಗಿ ಹೊಲದ ಬದುವಿನಲ್ಲಿ ಜನ ಸಾಲಾಗಿ ನಿಂತಿದ್ದರು, ಎಲ್ಲರ ಕೈಯಲ್ಲೂ ಮೊಬೈಲು. ಅವರ ಮುಂದೆ ರೇಷ್ಮೆ ಅಂಗಿಯ ಹರೀಶ ಬಂದೂಕನ್ನು ಹೆಗಲಿಗೇರಿಸಿ ಆಕಾಶಕ್ಕೆ ಗುರಿ ಹಿಡಿದು ನಿಂತಿದ್ದ. ಪಾಪ, ಕಾರ್ಖಾನೆಯಲ್ಲಿ ಲೇತ್ ನಡೆಸುವ ಹುಡುಗ. ಮುಖ ಬಿಳಿಚಿಕೊಂಡು ಹಿಟ್ಟಿನಂತಾಗಿತ್ತು.

ಚಂದ್ರಪ್ಪ ಓಡಿಬಂದು ಹೆಮ್ಮೆಯಿಂದ ಹೇಳಿದ: "ನೀವು ಲೇಟಾಯ್ತಲ್ಲ ಅಣ್ಣಾ, ಮೊಬೈಲಲ್ಲಿ ವಿಡಿಯೋ ನೋಡ್ಕೊಂಡು ನಾನೇ ಲೋಡ್ ಮಾಡ್ಬಿಟ್ಟೆ! ಎರಡೂ ನಳಿಗೆಗೆ!"

ನನ್ನ ಜೇಬಿನ ಹುಸಿ ತೋಟಾಗಳು ಜೇಬಿನಲ್ಲೇ ಉಳಿದವು. ಬೀರೇಗೌಡರು ಮೊಬೈಲ್ ಹಿಡಿದು, "ತಡಿ ಮಗಾ, ವಿಡಿಯೋ ಆನ್ ಆಗ್ಲಿ" ಎನ್ನುತ್ತಿದ್ದರು. ನಾನು ಹತ್ತಿರ ಹೋದೆ. ಹುಡುಗನ ಪಕ್ಕಕ್ಕೆ ಬಂದಾಗ ಕಪ್ಪು ನಳಿಗೆಯ ಮೇಲೆ ಒಂದು ಕೆಂಪು ಗೆರೆ ಕಂಡಿತು. ಕುಂಕುಮ ಎಂದುಕೊಂಡೆ. ಗೆರೆ ಅಲುಗಾಡಿತು. ಇರುವೆ. ಸಾಲುಗಟ್ಟಿ ನಳಿಗೆಯ ಮೇಲೆ ಹತ್ತಿ ಬಾಯಿಯ ಒಳಗೆ ಇಳಿಯುತ್ತಿದ್ದವು.

ಹುಡುಗರೇ, ಬಂದೂಕಿನಲ್ಲಿ ಎಣ್ಣೆ ಇರುತ್ತದೆ, ಮಸಿ ಇರುತ್ತದೆ. ಇರುವೆಗೆ ಬೇಕಾದದ್ದು ಏನೂ ಇರುವುದಿಲ್ಲ. ಇರುವೆ ಹೋಗುತ್ತಿದೆ ಎಂದರೆ ಒಳಗೆ ಏನೋ ಸಿಹಿ ಕೂತಿದೆ. ನಳಿಗೆಯ ಬಾಯಿಗೆ ಏನೇ ಅಡ್ಡ ಕೂತಿದ್ದರೂ ಈಡು ಹಾರಿದಾಗ ಆಚೆ ಹೋಗಲಾರದ ಬಿಸಿಗಾಳಿ ಉಕ್ಕನ್ನೇ ಸೀಳುತ್ತದೆ. ಸೀಳಿದ ಉಕ್ಕು ಹಿಡಿದವನ ಎಡಗೈಗೋ ಮುಖಕ್ಕೋ ಬರುತ್ತದೆ. ಹರೀಶನ ಬೆರಳು ಆಗಲೇ ಕುದುರೆಯ ಮೇಲಿತ್ತು. ನಾನು "ಬೇಡ" ಎಂದು ಕಿರುಚಿದರೆ ಬೆಚ್ಚಿಬೀಳುತ್ತಾನೆ. ಬೆಚ್ಚಿದರೆ ಬೆರಳು ಎಳೆಯುತ್ತದೆ. ಕೈ ಹಾಕಿ ಕಿತ್ತುಕೊಂಡರೂ ಅದೇ.

ಉಳಿದದ್ದು ನನ್ನ ಬಾಯಿ. ಅದು ಎಂದೂ ಸುಮ್ಮನಿದ್ದದ್ದಲ್ಲ. ಜೋರಾಗಿ ನಕ್ಕುಬಿಟ್ಟೆ.

"ಥೂ ಥೂ ಥೂ! ಏನ್ ಅಳಿಯಂದ್ರೇ ಇದು? ಮದುವೆ ಫೋಟೋಗೆ ಹಿಂಗಾ ನಿಂತ್ಕೊಳ್ಳೋದು? ಕೊಡೆ ಹಿಡ್ದಂಗೆ ಹಿಡ್ದಿದೀರಲ್ಲ! ಬೀಗ್ರೇ, ಇದನ್ನ ವಿಡಿಯೋ ಮಾಡಿದ್ರೆ ಊರೋರು ನಗ್ತಾರೆ."

ಬೀರೇಗೌಡರ ಮೊಬೈಲು ಕೆಳಗಿಳಿಯಿತು. "ಮತ್ತೆಂಗೆ ಮಿಸ್ತ್ರಿಗಳೇ?"

"ರಾಜ್ರು ಹಿಡಿಯೋ ಸ್ಟೈಲೇ ಬೇರೆ! ಅಳಿಯಂದ್ರೇ, ಮೊದ್ಲು ಆ ಬೆರಳು ಆಚೆ ತಗೀರಿ, ಬೆರಳಲ್ಲಿರೋ ಉಂಗ್ರ ಕಾಣ್ಬೇಕು ಫೋಟೋದಲ್ಲಿ. ಹಾಂ, ಹಂಗೇ, ಉದ್ದಕ್ಕೆ ಚಾಚಿ. ನಳಿಗೆ ಬಾಯಿ ರಾಗಿ ಹೊಲದ ಕಡೆಗೇ ಇರ್ಲಿ. ಈಗ ಹೆಬ್ಬೆಟ್ಟಲ್ಲಿ ಮೇಲಿರೋ ಆ ಕೀಲು ತಳ್ಳಿ, ನಳಿಗೆ ನೆಲಕ್ಕೆ ಬಗ್ಸಿ. ಮಡಚ್ಕೊಂಡ್ ಗನ್ನು ಮುಂಗೈ ಮೇಲೆ ಮಲಗಿಸ್ಬೇಕು. ಅರಮನೆ ಸ್ಟೈಲು ಅಂದ್ರೆ ಅದು!"

ಹುಡುಗ ಹೇಳಿದಂತೆ ಮಾಡಿದ. ಅವನು ಯಂತ್ರದ ಕೆಲಸದವನು, ಕೀಲು ತಳ್ಳಿದ ಕೂಡಲೇ ಬಂದೂಕು ಸಲೀಸಾಗಿ ಬಾಗಿತು. ಎರಡು ತೋಟಾಗಳ ಹಿತ್ತಾಳೆ ಬುಡ ಬಿಸಿಲಿಗೆ ಹೊಳೆಯಿತು. ನಾನು ಅವನ ತೋಳು ಸರಿಪಡಿಸುವ ನೆಪದಲ್ಲಿ ಕೈ ಹಾಕಿ ಎರಡನ್ನೂ ಎಳೆದು ಜೇಬಿಗೆ ಇಳಿಸಿದೆ. ಆಮೇಲೆ ಬಂದೂಕು ಮತ್ತೆ ಮುಚ್ಚದಂತೆ ಅವನ ಪಕ್ಕದಲ್ಲೇ ನಿಂತುಬಿಟ್ಟೆ. ಎಲ್ಲರೂ ಫೋಟೋ ತೆಗೆದರು. ಹರೀಶ ಮೊದಲ ಸಲ ನಗುತ್ತಿದ್ದ. ಗುಂಡು ಹೊಡೆಯಬೇಕಿಲ್ಲ ಎನ್ನುವುದು ಅವನಿಗೆ ಹೇಗೋ ಗೊತ್ತಾಗಿತ್ತು.

ಬಂದೂಕನ್ನು ಜಗುಲಿಗೆ ತಂದು ನಳಿಗೆಯೊಳಗೆ ಕೋಲು ಹಾಕಿ ತಳ್ಳಿದೆ. ಬಳುಕ್ ಎಂದು ಎರಡು ತುಂಡು ಏಲಕ್ಕಿ ಬಾಳೆಹಣ್ಣು ಹೊರಬಂದು ನೆಲಕ್ಕೆ ಬಿದ್ದವು. ಮೈತುಂಬ ಇರುವೆ, ನಡುವೆ ಮುರಿದ ಊದುಬತ್ತಿಯ ಕಡ್ಡಿ.

ಚಂದ್ರಪ್ಪನ ಹೆಂಡತಿ ಜಯಮ್ಮ ಬಾಯಿಗೆ ಸೆರಗು ಹಿಡಿದರು. "ಅಯ್ಯೋ ಶಿವನೇ, ಅದು ನಾನೇ ಇಟ್ಟಿದ್ದು! ನೆನ್ನೆ ಆಯುಧಪೂಜೇಲಿ ಊದ್ಬತ್ತಿ ನಿಲ್ಸೋಕೆ ಜಾಗ ಇರ್ಲಿಲ್ಲ. ತೂತು ಸರ್ಯಾಗಿ ಅದೆ ಅಂತ ಅರ್ಧರ್ಧ ಹಣ್ಣು ತುರುಕಿ ಸಿಗಿಸ್ದೆ. ಆಚೆ ಕಾಣೋದ್ನ ಒರೆಸ್ದೆ, ಒಳಗಿಂದು ಮರ್ತೇಬಿಟ್ಟೆ."

"ಪರವಾಗಿಲ್ಲ ತಾಯಿ, ದೇವರಿಗೆ ನೈವೇದ್ಯ ಆಯ್ತು, ಇರುವೆಗೆ ಪ್ರಸಾದ ಆಯ್ತು" ಎಂದೆ. ಆಮೇಲೆ ನಗದೆ, ಅದು ಒಳಗಿದ್ದು ಈಡು ಹಾರಿದ್ದರೆ ಏನಾಗುತ್ತಿತ್ತು ಎಂದು ಎಲ್ಲರಿಗೂ ಹೇಳಿದೆ. ಸೌಮ್ಯ ಹೋಗಿ ಹರೀಶನ ಎಡಗೈಯನ್ನು ಹಿಡಿದುಕೊಂಡು ಕೂತಳು. ಹಿರಿಯರ ಮುಂದೆ ಹಾಗೆ ಕೂರಬಾರದು ಎಂದು ಯಾರೂ ಹೇಳಲಿಲ್ಲ. ಚಂದ್ರಪ್ಪ ಕಂಬಕ್ಕೆ ಒರಗಿ ಕುಸಿದ. "ಇನ್ನ್ ಬೇಡಣ್ಣ. ಇದನ್ನ ಇವತ್ತೇ ತಗೊಂಡೋಗಿ. ನಂಗೆ ಇದು ಬಂದಾಗ್ನಿಂದ ನೆಟ್ಟಗೆ ನಿದ್ದೆ ಬಂದಿಲ್ಲ. ಯಾರಾದ್ರೂ ಕೇಳ್ತಾರೆ ಅಂತ ಇಟ್ಕೊಂಡಿದ್ದೆ."

ಬೀರೇಗೌಡರು ಈಗ ಗೇಲಿ ಮಾಡುತ್ತಾರೆ ಎಂದು ಕಾದೆ. ನಾನೇ ಆಗಿದ್ದರೆ ಬಿಡುತ್ತಿರಲಿಲ್ಲ. ಗೌಡರು ಹಣೆ ಒರೆಸಿಕೊಳ್ಳುತ್ತಿದ್ದರು. ಕಣ್ಸನ್ನೆ ಮಾಡಿ ನನ್ನನ್ನು ದನದ ಕೊಟ್ಟಿಗೆಯ ಮರೆಗೆ ಕರೆದರು.

"ಮಿಸ್ತ್ರಿಗಳೇ, ಬೀಗ್ತಿಯವ್ರು ಊದ್ಬತ್ತಿ ಹಿಂಗಿಡೋದು ಕಲ್ತಿದ್ದೇ ನಮ್ಮನೇಲಿ ನೋಡಿ."

"ಅಂದ್ರೆ?"

"ನಮ್ದ್ರಲ್ಲಿ ವರ್ಷಾ ವರ್ಷಾ ಇಡ್ತೀವಿ. ಹಣ್ಣು ಆಚೆ ತೆಗ್ದಿದ್ದು ಯಾರೂ ನೋಡಿಲ್ಲ." ಒಮ್ಮೆ ಜಗುಲಿಯ ಕಡೆ ನೋಡಿ ದನಿ ತಗ್ಗಿಸಿದರು. "ಇನ್ನೊಂದ್ ಮಾತು. ಅದನ್ನ ಲೋಡ್ ಮಾಡೇ ಇಟ್ಟಿದೀನಿ. ಮನೆಗ್ ಬಂದೋರಿಗೆ, ತುಂಬಿದ್ ಗನ್ನು ಅಂತ ಹೇಳೋಕೆ ಗತ್ತಲ್ವಾ ಅಂತ. ಮೊಮ್ಮಕ್ಳು ಅದರ ಕೆಳಗೇ ಆಟ ಆಡ್ತವೆ."

ಹೋಳಿಗೆ ಎಲೆಯಲ್ಲೇ ಉಳಿಯಿತು. ಚಂದ್ರಪ್ಪನ ಬಂದೂಕನ್ನು ಪೆಟ್ಟಿಗೆಯಲ್ಲಿ ಬೀಗ ಹಾಕಿಸಿ, ಅವನನ್ನೂ ಕೂರಿಸಿಕೊಂಡು ಗೌಡರ ಕಾರಿನಲ್ಲಿ ಅನುಗೊಂಡನಹಳ್ಳಿಗೆ ಹೊರಟೆವು. ದಾರಿಯುದ್ದಕ್ಕೂ ನಾನೊಬ್ಬನೇ ಮಾತಾಡಿದೆ. ಯಾರಾದರೂ ಮಾತಾಡಬೇಕಿತ್ತು.

ಮಕ್ಕಳನ್ನೆಲ್ಲ ಹಿತ್ತಲಿಗೆ ಕಳಿಸಿ, ಬಂದೂಕನ್ನು ಗೋಡೆಯಿಂದ ಇಳಿಸಿ ತೋಟಾಗಳನ್ನು ತೆಗೆದೆ. ತೇವಕ್ಕೆ ಹಸಿರು ಹಿಡಿದಿದ್ದವು. ನಳಿಗೆಯಲ್ಲಿ ಕೋಲು ಅರ್ಧಕ್ಕೇ ನಿಂತಿತು. ಎಣ್ಣೆ ಬಿಟ್ಟು, ಬಿಸಿ ಮಾಡಿಸಿ, ಕುಟ್ಟಿ ಕುಟ್ಟಿ ತೆಗೆದರೆ ಹೊರಬಿದ್ದದ್ದು ಒಣಗಿ ಕಲ್ಲಾದ ಬಾಳೆಹಣ್ಣಿನ ಕಪ್ಪು ಉರುಳೆ. ಒಂದು ಹಬ್ಬದ ಮೇಲೊಂದು ಹಬ್ಬ ಪದರ ಪದರವಾಗಿ ಕೂತಿತ್ತು.

"ಗೌಡ್ರೇ, ನಿಮ್ ವಂಶದ ಹಬ್ಬ ಎಲ್ಲಾ ಇದ್ರಲ್ಲೇ ಅವೆ" ಎಂದೆ.

ಮೊದಲು ನಕ್ಕವನು ಚಂದ್ರಪ್ಪ. ಆಮೇಲೆ ಗೌಡರು. ಇಬ್ಬರೂ ಒಬ್ಬರ ಭುಜ ಒಬ್ಬರು ಹಿಡಿದು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಮಾತುಕತೆಯ ದಿನದಿಂದ ಬೆನ್ನು ಸೆಟೆಸಿಕೊಂಡು ಕೂತಿದ್ದ ಇಬ್ಬರು ಬೀಗರು ಆವತ್ತು ಮೊದಲ ಬಾರಿಗೆ ನೆಲದ ಮೇಲೆ ಕಾಲು ಚಾಚಿ ಕೂತರು.

"ಬೀಗ್ರೇ, ನಿಜ ಹೇಳಿ. ನೀವು ಯಾವತ್ತಾದ್ರೂ ಇದನ್ನ ಹೊಡ್ದಿದೀರಾ?" ಎಂದು ಚಂದ್ರಪ್ಪ ಕೇಳಿದ.

"ಇಲ್ಲ ಬೀಗ್ರೇ. ಸದ್ದು ಅಂದ್ರೆ ನಂಗೆ ಪಟಾಕೀನೂ ಆಗಲ್ಲ."

ಎರಡು ಬಂದೂಕುಗಳೂ ಕ್ರಮಪ್ರಕಾರ ಅಂಗಡಿಗೆ ವಾಪಸ್ ಬಂದವು. ಖಾಲಿ ಗೋಡೆಗಳಿಗೆ ಏನು ಹಾಕುವುದು ಎನ್ನುವ ಚರ್ಚೆ ಮದುವೆಯವರೆಗೂ ನಡೆದು, ಕೊನೆಗೆ ಎರಡೂ ಮನೆಯವರು ಒಂದೇ ಫೋಟೋವನ್ನು ದೊಡ್ಡದಾಗಿ ಕಟ್ಟು ಹಾಕಿಸಿ ತೂಗುಹಾಕಿದರು. ರಾಗಿ ಹೊಲದ ಬದುವಿನಲ್ಲಿ ಹರೀಶ, ಮುಂಗೈ ಮೇಲೆ ಮಡಚಿ ಮಲಗಿದ ಬಂದೂಕು. ರಾಜಕುಮಾರನೇ ಸರಿ. ಇಬ್ಬರು ಬೀಗರಿಗೂ ಮೊದಲಿನಿಂದ ಬೇಕಿದ್ದದ್ದು ಅದೇ, ಮತ್ತು ಅದಕ್ಕೆ ಲೈಸೆನ್ಸ್ ಬೇಕಿಲ್ಲ. ಫೋಟೋದ ಎಡ ಅಂಚಿನಲ್ಲಿ ಒಂದು ಮೊಣಕೈ ಕಾಣುತ್ತದೆ. ಮನೆಗೆ ಬಂದವರು ಅದು ಯಾರದು ಎಂದು ಕೇಳಿದರೆ, ಅಳಿಯನಿಗೂ ಮೊದಲು ನನ್ನ ಹೆಸರು ಹೇಳಬೇಕೆಂದು ಇಬ್ಬರಿಗೂ ಕಟ್ಟುನಿಟ್ಟಾಗಿ ತಾಕೀತು ಮಾಡಿದ್ದೇನೆ.